ಹಳದಿ ಚೆಂಡು ಹೋದ ದಾರಿ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೀದಿಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವ ಹೊತ್ತು. ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಹಾಲಿನ ಹಿಂಬಾಗಿಲ ಬಳಿ ಒಬ್ಬ ವೈರು ಸುತ್ತುತ್ತ ಕೂತಿದ್ದ. ಆಟ ಮುಗಿಸಿದ ಹುಡುಗಿಯೊಬ್ಬಳು ಬಂದು ಅವನ ಮುಂದೆ ನಿಂತಳು. ಹೆಗಲಲ್ಲಿ ಆಟದ ಕೋಲು, ಕ್ಯೂ ಇಟ್ಟ ಚೀಲ, ಮುಖ ಕೆಂಪಗೆ.

“ಕ್ಯಾಮೆರಾ ಹಿಡಿಯೋದು ನೀವೇನಾ?”

“ಹೂಂ. ಮೂರಿದೆ. ಮೇಲಿಂದ ಟೇಬಲ್ ತೋರಿಸೋದು ಕೆಟ್ಟು ಕೂತಿದೆ. ಇನ್ನೊಂದು ಆಟದ ಬಗ್ಗೆ ಮಾತಾಡೋರ ಕಡೆಗಿದೆ. ಉಳಿದಿದ್ದು ನಂದು.”

“ಹಾಗಾದ್ರೆ ನಿಮಗೇ ಕೇಳ್ಬೇಕು. ಪೂಲನ್ನ ನನ್ನ ಮೂಗಿನ ಮೇಲೆ ಆಡ್ತಾರಾ?”

ವೈರು ಸುತ್ತುತ್ತಿದ್ದ ಕೈ ನಿಂತಿತು.

“ಕೋಲು ತಾಗೋವರೆಗೂ ಟೇಬಲ್ಲು. ತಾಗಿದ ತಕ್ಷಣ ನನ್ನ ಮೂಗು. ಚೆಂಡು ಬಿದ್ದ ಮೇಲೆ ಮತ್ತೆ ಟೇಬಲ್ಲು. ಮಧ್ಯದಲ್ಲಿ ಇರೋದೇ ಅಲ್ವಾ ಆಟ? ಅದನ್ನ ಯಾರಿಗೆ ತೋರಿಸ್ತೀರಿ?”

ಅವನು ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನ ಗುಂಡಿಯನ್ನು ಬೆರಳಿನಿಂದ ತಟ್ಟಿ ತೋರಿಸಿದ. “ಇದರೊಳಗೆ ಒಬ್ಬ ಕೂತಿರ್ತಾನೆ. ಅವನು ಮುಖ ಅಂದ್ರೆ ಮುಖ, ಕೈ ಅಂದ್ರೆ ಕೈ.”

“ಅವನಿಗೆ ಆಟ ಗೊತ್ತಾ?”

“ಹೋದ ವರ್ಷದವರೆಗೂ ಅಡುಗೆ ಕಾರ್ಯಕ್ರಮ ಮಾಡಿಸ್ತಿದ್ದ. ಸೌಟು ಹಿಡಿದೋರ ಮುಖ ತೋರಿಸಿ ಅಭ್ಯಾಸ.”

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

“ನನ್ನ ಮುಖ ಅಪ್ಪ ದಿನಾ ನೋಡ್ತಾರೆ. ಅವರಿಗೆ ಬೇಕಾಗಿರೋದು ಟೇಬಲ್ಲು. ಅವರಿಗೆ ಇನ್ನು…”

ಮಾತು ಮುಗಿಯಲಿಲ್ಲ. ಅವಳು ಬೆನ್ನು ತಿರುಗಿಸಿ ನಡೆದಳು.

ಅವಳ ಅಪ್ಪನನ್ನು ಆ ಹಾಲಿನಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಕೋಲು ಹಿಡಿಯುವುದನ್ನು ಹೇಳಿಕೊಟ್ಟವರು. ಮಗಳಿಗೂ ಅವರೇ ಗುರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋದ ಮೇಲೆ ಅವರ ಲೋಕವೆಲ್ಲ ಒಂದು ಮಂಚ, ಒಂದು ಕಿಟಕಿ, ನೀರಿನ ಜಗ್ಗಿಗೆ ಒರಗಿಸಿಟ್ಟ ಒಂದು ಮೊಬೈಲು. ಮಗಳ ಆಟ ಇದ್ದ ಸಂಜೆ ಅದರಲ್ಲೇ ನೇರಪ್ರಸಾರ ನೋಡಬೇಕು. ಕ್ಯಾಮೆರಾ ಮುಖದ ಕಡೆ ತಿರುಗಿದಾಗಲೆಲ್ಲ ಎಡಗೈಯಿಂದ ಮಂಚ ಬಡಿಯುತ್ತಿದ್ದರು.

“ಟೇಬಲ್… ಟೇಬಲ್…”

ಅವರನ್ನು ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ, ಅವಳಿಗೆ ಸೋದರತ್ತೆ. ಜನ್ಮದಲ್ಲಿ ಕೋಲು ಮುಟ್ಟಿದವರಲ್ಲ. ಆದರೆ ತಮ್ಮನ ನಾಲಿಗೆ ಓಡದಾದ ಮೇಲೆ ಬೈಗುಳದ ಕೆಲಸವನ್ನು ಪೂರ್ತಿ ತಾವೇ ವಹಿಸಿಕೊಂಡಿದ್ದರು. “ಲೋ, ಟೇಬಲ್ ತೋರಿಸೋ! ಅವಳ ಮೂಗಿಗೇನು ಬಣ್ಣ ಬಳಿದಿದ್ದಾರಾ?” ಎಂದು ಮೊಬೈಲಿನ ಮೇಲೆ ಬಗ್ಗಿ ಕೂಗುವರು. ಮೂಗಿನ ಮಾತನ್ನು ಅವಳು ಕಲಿತದ್ದೇ ಅತ್ತೆಯಿಂದ.

ಅಪ್ಪನಿಗೆ ಒಂದೇ ಒಂದು ಆಸೆ ಉಳಿದಿತ್ತು.

ವಯಸ್ಸಿದ್ದಾಗ ಅವರೊಂದು ಹೊಡೆತ ಕಂಡುಕೊಂಡಿದ್ದರು. ಕ್ರಮದ ಪ್ರಕಾರ ಮೊದಲು ಹೊಡೆಯಬೇಕಾದ ಹಳದಿ ಚೆಂಡು ಬೇರೆ ಚೆಂಡುಗಳ ಮರೆಯಲ್ಲಿ ಸಿಕ್ಕಿಕೊಂಡಾಗ ಆಡುವಂಥದ್ದು. ಕೋಲಿನಿಂದ ಹೊಡೆದ ಬಿಳಿ ಚೆಂಡು ಟೇಬಲ್ಲಿನ ಒಂದು ಅಂಚಿಗೆ ಬಡಿದು, ಎರಡನೆಯದಕ್ಕೆ ಬಡಿದು, ಮೂರನೆಯದರಿಂದ ತಿರುಗಿ ಬಂದು ಹಳದಿಯನ್ನು ಮೂಲೆಯ ಕಿಂಡಿಗೆ ತಳ್ಳಬೇಕು. ದೊಡ್ಡ ಆಟದಲ್ಲಿ ಒಮ್ಮೆ ಅವರು ಅದನ್ನು ಹೊಡೆದರು. ಚೆಂಡು ಬಿತ್ತು. ಎಲ್ಲರೂ ಅದೃಷ್ಟ ಅಂದರು. ಆ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಆ ದಾರಿಯನ್ನು ಮಗಳಿಗೆ ವರ್ಷಗಟ್ಟಲೆ ತೀಡಿ ತೀಡಿ ಕಲಿಸಿದರು. ಅವಳು ಒಂದು ದಿನ ಆಟದಲ್ಲಿ ಅದನ್ನು ಹೊಡೆಯಬೇಕು; ಅದು ಬೀಳುವುದನ್ನಲ್ಲ, ಹೋಗುವುದನ್ನು ತಾವು ಕಣ್ಣಾರೆ ನೋಡಬೇಕು. ಅಷ್ಟೇ.

ಕ್ಯಾಮೆರಾದವನು ಒಂದು ಮಧ್ಯಾಹ್ನ ವಿಳಾಸ ಕೇಳಿಕೊಂಡು ಮನೆಗೇ ಬಂದ.

“ಯಾರಪ್ಪಾ?” ಅಂದರು ಅತ್ತೆ.

“ಮೂಗು ತೋರಿಸೋನು.”

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಒಳಗೆ ಬಾ. ಬೈಯೋಕೆ ಹತ್ತಿರ ಸಿಕ್ಕಿದ್ದು ಒಳ್ಳೇದಾಯ್ತು.”

ಅವನು ಮಂಚದ ಪಕ್ಕ ಕೂತು, ತಾನೇ ಹಿಡಿದಿದ್ದ ಹಿಂದಿನ ಆಟವನ್ನು ಅಂಗೈಯಗಲದ ಪರದೆಯಲ್ಲಿ ಮೇಷ್ಟ್ರ ಜೊತೆ ನೋಡಿದ. ಅವರು ಮಂಚ ಬಡಿದ ಕಡೆಯೆಲ್ಲ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಕೇಳಿದ.

“ನೀವು ಮಗಳಿಗೆ ಕಲಿಸಿದ ಹಳದಿ ಚೆಂಡಿನ ಹೊಡೆತದ ವಿಷಯ ಹಾಲಿನಲ್ಲಿ ಕೇಳಿದೆ. ಅದರ ದಾರಿ ಯಾವುದು ಅಂತ ನನಗೂ ಹೇಳ್ಕೊಡಿ ಸಾರ್. ಮೊದಲೇ ಗೊತ್ತಿದ್ರೆ ಚೆಂಡಿನ ಜೊತೆ ಹೋಗಬಹುದು.”

ಮೇಷ್ಟ್ರು ಎಡಗೈ ಬೆರಳನ್ನು ಕಂಬಳಿಯ ಮೇಲೆ ಎಳೆದರು. ಇಲ್ಲಿ ಒಂದು, ಅಲ್ಲಿ ಇನ್ನೊಂದು, ತಿರುಗಿ ಹೀಗೆ. ಅವನು ಅದರ ಹಿಂದೆಯೇ ತನ್ನ ಬೆರಳನ್ನು ಎಳೆದ. ತಪ್ಪಿದ. ಮತ್ತೆ ಎಳೆದ.

ಬಾಗಿಲಲ್ಲಿ ನಿಂತಿದ್ದ ಅವಳು ಆ ಎರಡು ಬೆರಳುಗಳನ್ನೇ ನೋಡುತ್ತಿದ್ದಳು. ‘ಇವನ ಮೇಲೆ ಕೋಪ ಮಾಡಿಕೊಂಡು ಬಹಳ ದಿನ ಇರೋಕಾಗಲ್ಲ’ ಎಂದು ಅವಳಿಗೆ ಅನ್ನಿಸಿದ್ದು ಆಗಲೇ.

ಅವಳು ಬೀದಿಯ ತಿರುವಿನವರೆಗೆ ಅವನನ್ನು ಬಿಡಲು ಹೋದಳು.

“ಆ ಹೊಡೆತ ಬಂದ ದಿನ ಕ್ಯಾಮೆರಾ ಟೇಬಲ್ ಬಿಟ್ಟು ಅಲ್ಲಾಡಲ್ಲ,” ಅಂದ ಅವನು. “ಕಿವಿಯೋನು ಕಿರುಚಿದ್ರೂ ಅಲ್ಲಾಡಲ್ಲ.”

“ಮಾತು ಕೊಡ್ತಿದ್ದೀರಾ?”

“ಕೊಟ್ಟಾಯ್ತು.”

ಆಮೇಲಿನ ವಾರಗಳಲ್ಲಿ ಅವನು ಆಗಾಗ ಬಂದ. ಕಿವಿಯವನ ಕೈಲಿ ಬೈಸಿಕೊಂಡಾದರೂ ಟೇಬಲ್ಲಿನ ಮೇಲೆ ಒಂದು ಉಸಿರು ಹೆಚ್ಚು ನಿಲ್ಲುತ್ತಿದ್ದ. ಮೇಷ್ಟ್ರು ಮಂಚ ಬಡಿಯುವುದು ಕಡಿಮೆಯಾಯಿತು. ಅವಳೂ ಅವನೂ ‘ನೀವು’ ಬಿಟ್ಟು ‘ನೀನು’ ಆದದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಅವರು ಚಹಾಕ್ಕೆ ಒಂದು ಲೋಟ ನೀರು ಹೆಚ್ಚಿಗೆ ಇಡತೊಡಗಿದರು.

ಬೇಸಗೆ ಬಂತು. ಮೇಷ್ಟ್ರು ದಿನದಿಂದ ದಿನಕ್ಕೆ ಇಳಿಯುತ್ತ ಬಂದರು.

ಸರಣಿಯ ಕೊನೆಯ ಆಟದ ಸಂಜೆ, ಅವಳ ಸರದಿ ಬಂದಾಗ, ಹಳದಿ ಚೆಂಡು ಮರೆಯಲ್ಲಿ ನಿಂತಿತ್ತು. ಅಪ್ಪ ಕಂಬಳಿಯ ಮೇಲೆ ಎಳೆದ ಜಾಗದಲ್ಲೇ, ಹಾಗೇ. ಕತ್ತಲಲ್ಲಿ ನಿಂತಿದ್ದ ಅವನ ಕಡೆ ಒಮ್ಮೆ ನೋಡಿದಳು. ಅವನು ತಲೆಯಾಡಿಸಿದ. ಅವನಿಗೂ ಗೊತ್ತಾಗಿತ್ತು.

ಅವಳು ಬಗ್ಗಿದಳು. ಹೊಡೆದಳು.

ಹಾಲಿನಲ್ಲಿ ಚಪ್ಪಾಳೆ ಎದ್ದಿತು. ಹಳದಿ ಬಿದ್ದಿತ್ತು. ಅವಳು ಸಂತೋಷದಿಂದ ಅವನ ಕಡೆ ತಿರುಗಿದಳು.

ಕ್ಯಾಮೆರಾದ ಕಪ್ಪು ಕಣ್ಣು ನೇರ ಅವಳ ಮುಖವನ್ನೇ ನೋಡುತ್ತಿತ್ತು.

ಮುಂದಿನ ನೀಲಿ ಚೆಂಡನ್ನು ಬೀಳಿಸಿದಳು, ಅದರ ಮುಂದಿನದು ತಪ್ಪಿತು. ಆಟ ಸೋತಳು. ಸೋಲಿನ ಕಡೆ ಅವಳ ಮನಸ್ಸೇ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಎಚ್ಚರವಾಗಿದ್ದರು. ಮೊಬೈಲನ್ನು ಅತ್ತೆ ಮಗುಚಿಟ್ಟಿದ್ದರು.

“ದಾರೀಲಿ… ಹೋಯ್ತಾ?” ಅಂದರು ಅಪ್ಪ. “ಇಲ್ಲ… ಸುಮ್ನೆ… ಬಿತ್ತಾ?”

“ದಾರೀಲೇ ಹೋಯ್ತು ಅಪ್ಪಾ. ನೀವು ಹೇಳಿಕೊಟ್ಟ ಹಾಗೇ. ಒಂದು, ಎರಡು, ಮೂರು.”

ಅಪ್ಪನ ಅರ್ಧ ಮುಖ ನಕ್ಕಿತು. ಆ ನಗುವಿನಲ್ಲಿ ನಂಬಿಕೆ ಇರಲಿಲ್ಲ.

“ಬಿದ್ದ ಮೇಲೆ… ಎಲ್ಲರೂ… ಹಾಗೇ ಅನ್ನೋದು.”

ಅದು ಅವರೇ ಶಿಷ್ಯರನ್ನು ಕೆಣಕುತ್ತಿದ್ದ ಮಾತು. ಎಷ್ಟೋ ಸಲ ಅವಳೂ ಆ ಮಾತಿಗೆ ಬಿದ್ದು ಬಿದ್ದು ನಕ್ಕಿದ್ದಳು. ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಮೊಬೈಲಿನಲ್ಲಿ ಆಟದ ವಿಡಿಯೊ ಕೆಳಗೆ ನೋಡಿದವರು ಬರೆದದ್ದೂ ಒಂದೇ: ಅದೃಷ್ಟ, ಅದೃಷ್ಟ.

ಮರುದಿನ ಅವಳು ಹಾಲಿಗೆ ಹೋದಳು. ಅವನು ಅದೇ ಹಿಂಬಾಗಿಲ ಬಳಿ ಇದ್ದ. ವೈರು ಬಿಡಿಬಿಡಿಯಾಗಿ ಬಿದ್ದಿತ್ತು.

‘ಕಿವಿಯವನು ಹೇಳಿದ ಅನ್ನು. ಅಷ್ಟು ಅಂದುಬಿಡು, ಸಾಕು…’ ಎಂದು ಅವಳ ಮನಸ್ಸು ಬೇಡುತ್ತಿತ್ತು.

“ಅವನು ಮುಖ ಅಂದ್ನಾ?”

“ಇಲ್ಲ. ಅವನು ಏನೂ ಹೇಳಿರ್ಲಿಲ್ಲ.”

“ಮತ್ತೆ?”

“ನೀನು ಬಗ್ಗಿದೆ. ಉಸಿರು ಹಿಡಿದೆ. ನನ್ನ ಕೈ ತಾನಾಗೇ ನಿನ್ನ ಕಡೆ ತಿರುಗ್ತು.” ಅವನು ನೆಲ ನೋಡುತ್ತಿದ್ದ. “ದಾರಿ ಪೂರ್ತಿ ಗೊತ್ತಿತ್ತು ನನಗೆ. ಆದ್ರೂ ನಾನು ನೋಡಿದ್ದು ಚೆಂಡನ್ನಲ್ಲ. ಯಾವತ್ತೂ ಚೆಂಡನ್ನ ನೋಡಿಲ್ಲ. ನಿನ್ನನ್ನೇ ನೋಡ್ತಿದ್ದೆ.”

ಯಾವ ಮಾತಿಗಾಗಿ ಅವಳು ಇಷ್ಟು ದಿನ ಒಳಗೊಳಗೇ ಕಾದಿದ್ದಳೋ ಅದೇ ಮಾತು. ಅವಳಿಗೆ ಅದು ವಿಷದಂತೆ ಇಳಿಯಿತು.

“ಬೇರೆ ಯಾವ ದಿನ ಹೇಳಿದ್ರೂ…” ಅಂದಳು. “ನಿನ್ನ ಪ್ರೀತಿಗೆ ಅಪ್ಪನ ಆ ಒಂದು ನಿಮಿಷವೇ ಬೇಕಿತ್ತಾ? ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡ.”

ಅವನು ಬೀಳಲಿಲ್ಲ. ಆ ಕೆಲಸವನ್ನೂ ಬಿಟ್ಟನೆಂದು ಯಾರೋ ಹೇಳಿದರು.

ಆಮೇಲೆ ಅವಳಿಗೆ ಬಂದದ್ದು ಕೋಪಕ್ಕಿಂತ ಕೆಟ್ಟದ್ದು. ಖಾಲಿ ಹಾಲಿನಲ್ಲಿ ಚೆಂಡುಗಳನ್ನು ಹಾಗೇ ಜೋಡಿಸಿ ಅದೇ ಹೊಡೆತ ಹೊಡೆದಳು. ತಪ್ಪಿತು. ಮತ್ತೆ ಹೊಡೆದಳು. ಬಿಳಿ ಚೆಂಡು ಎರಡನೆಯ ಅಂಚಿನಿಂದಲೇ ದಾರಿ ಬಿಟ್ಟಿತು. ದಿನವೂ ಹೋದಳು, ದಿನವೂ ತಪ್ಪಿತು. ‘ಹಾಗಾದ್ರೆ ಅವತ್ತೂ ಅದೃಷ್ಟವೇ ಇರಬೇಕು. ಅಪ್ಪನಿಗೆ ಸರಿಯಾಗೇ ಗೊತ್ತು. ನಾನೇ ಸುಳ್ಳು ಹೇಳ್ತಿದ್ದೇನೆ…’ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು. ಕ್ಯೂವನ್ನು ಚೀಲಕ್ಕೆ ಹಾಕಿ ಬೀರುವಿನ ಹಿಂದೆ ಇಟ್ಟುಬಿಟ್ಟಳು.

ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಒಂದು ಮಂಗಳವಾರ, ಅತ್ತೆ ದಿಂಬು ಸರಿಮಾಡಲು ಅವರ ತಲೆ ಎತ್ತಿದಾಗ, ಜೀವ ಇರಲಿಲ್ಲ.

ಶುಕ್ರವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದವರು ಅತ್ತೆ. ಅವರು ಪಕ್ಕಕ್ಕೆ ಸರಿದು ಕ್ಯಾಮೆರಾದವನಿಗೆ ದಾರಿ ಬಿಟ್ಟರು.

ಅವಳು ಅಪ್ಪನ ಖಾಲಿ ಮಂಚದ ತುದಿಯಲ್ಲಿ ಕೂತಿದ್ದಳು. ಅವನನ್ನು ಕಂಡು ಎದ್ದು ಹೋಗಲಿಲ್ಲ.

“ಕ್ಷಮಿಸು ಅನ್ನೋಕೆ ಬಂದಿಲ್ಲ,” ಅಂದ. “ನಾಳೆ ಬೇರೆ ಊರಿಗೆ ಹೋಗ್ತಿದ್ದೀನಿ, ಕೆಲಸಕ್ಕೆ. ಹೋಗೋ ಮುಂಚೆ ನಿನಗೊಂದು ತೋರಿಸ್ಬೇಕು.”

ಅವನು ಮೊಬೈಲನ್ನು ಅದೇ ನೀರಿನ ಜಗ್ಗಿಗೆ ಒರಗಿಸಿದ. ಪರದೆಯ ತುಂಬ ಅವಳ ಮುಖ. ಅವಳು ಕಣ್ಣು ತಿರುಗಿಸಿದಳು.

“ನೋಡು. ಒಂದೇ ಸಲ. ಚೆಂಡು ಕಾಣಲ್ಲ, ನಿನ್ನ ಕಣ್ಣು ನೋಡು. ಜೊತೆಗೆ ಸದ್ದು ಕೇಳು.”

ಅವಳು ನೋಡಿದಳು. ಕೋಲು ತಾಗಿದ ಸದ್ದು. ಅವಳ ಕಣ್ಣು ಎಡಕ್ಕೆ ಹೋಯಿತು, ಮೇಲಕ್ಕೆ, ಬಲಕ್ಕೆ. ಅಂಚಿಗೆ ಬಡಿಯುವ ಮೆತ್ತನೆಯ ಸದ್ದು ಮೂರು ಸಲ ಕೇಳಿತು. ಆಮೇಲೆ ಕಣ್ಣು ಹಳದಿ ಇದ್ದ ಮೂಲೆಯನ್ನು ಬಿಟ್ಟು ಟೇಬಲ್ಲಿನ ಇನ್ನೊಂದು ತುದಿಗೆ ಹೊರಳಿತು. ಅಲ್ಲೇ ನಿಂತಿತು.

ಆಮೇಲೆ ‘ಟಕ್’ ಎಂದಿತು.

“ಇಲ್ಲಿ ಯಾವ ಕಡೆ ನೋಡ್ತಿದ್ದೆ?”

“ನೀಲಿ ಚೆಂಡಿನ ಕಡೆ. ಮುಂದೆ ಹೊಡೀಬೇಕಾಗಿದ್ದು ಅದು…”

“ಹಳದಿ ಆಗ ಇನ್ನೂ ಬಿದ್ದಿರ್ಲಿಲ್ಲ. ‘ಟಕ್’ ಅಂದಿದ್ದು ಅದು ಬಿದ್ದಾಗ.”

ಅವಳು ಪರದೆಯ ಕಡೆ ಇನ್ನಷ್ಟು ಬಗ್ಗಿದಳು.

“ಅದೃಷ್ಟಕ್ಕೆ ಹೊಡೆದೋರು ಬೀಳೋವರೆಗೂ ಅದನ್ನೇ ನೋಡ್ತಾರೆ. ನೀನು ನೋಡ್ಲಿಲ್ಲ. ನಿನಗೆ ಗೊತ್ತಿತ್ತು,” ಅಂದ ಅವನು. “ನಿನ್ನ ಮುಖ ನೋಡಿ ನೋಡಿ ನನ್ನ ತಪ್ಪನ್ನೇ ಕೆದಕ್ಕೊಳ್ತಿದ್ದೆ. ನಿನ್ನೆ ಇದು ಕಣ್ಣಿಗೆ ಬಿತ್ತು. ತಡವಾಗಿ ಬಿತ್ತು.”

ಬಾಗಿಲ ಬಳಿ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಆ ಸದ್ದು ಇಲ್ಲಿ ಕೇಳಿಸ್ಲೇ ಇಲ್ಲ ಕಣೇ. ನಾನು ಬೈತಾ ಇದ್ದೆ. ಟೇಬಲ್ ತೋರಿಸೋ ಅಂತ ಮನೆ ಹಾರಿಹೋಗೋ ಹಾಗೆ ಕೂಗ್ತಿದ್ದೆ. ನಿಮ್ಮಪ್ಪ ಕೈ ಎತ್ತಿದ್ದ. ಕ್ಯಾಮೆರಾ ಮೇಲೆ ಸಿಟ್ಟು ಅಂದ್ಕೊಂಡೆ. ಸುಮ್ನಿರು ಅಂತಿದ್ನೋ ಏನೋ ನನಗೆ…”

ಅತ್ತೆ ಒಳಗೆ ಹೋದರು. ಪಾತ್ರೆ ಎತ್ತಿಡುವ ಸದ್ದಾಯಿತು, ನಿಂತಿತು.

ಅವಳು ಕೇಳಿದಳು. “ಅಪ್ಪನೂ ಇದೇ ಮುಖ ನೋಡಿದ್ರಲ್ಲ. ಅವರಿಗೆ ಗೊತ್ತಾಗಿರುತ್ತಾ?”

ಹೂಂ ಅಂದಿದ್ದರೆ ಸಾಕಿತ್ತು. ಅವಳು ನಂಬಿಬಿಡುತ್ತಿದ್ದಳು. ಅವನು ಪರದೆಯ ಮೇಲೆ ನಿಂತಿದ್ದ ಅವಳ ಕಣ್ಣುಗಳನ್ನು ನೋಡಿದ, ಖಾಲಿ ದಿಂಬನ್ನು ನೋಡಿದ.

“ಗೊತ್ತಿಲ್ಲ,” ಅಂದ.

ಆಗ ಅವಳಿಗೆ ಅಳು ಬಂತು. ಮಂಗಳವಾರದಿಂದ ಬಾರದೆ ಇದ್ದ ಅಳು. ಅಳುತ್ತಲೇ ಕೈ ಚಾಚಿ ಅವನ ತೋಳನ್ನು ಹಿಡಿದಳು. ಅಂದು ಹಿಂಬಾಗಿಲಲ್ಲಿ ಒಂದು ಸುಳ್ಳು ಹೇಳಿ ಉಳಿದುಕೊಳ್ಳಬಹುದಾಗಿದ್ದವನು ಹೇಳಿರಲಿಲ್ಲ. ಇಂದೂ ಹೇಳಲಿಲ್ಲ. ಈ ಮನುಷ್ಯನ ಬಾಯಿಂದ ಬಂದದ್ದನ್ನು ಮಾತ್ರ ಇನ್ನು ತಾನು ನಂಬಬಹುದು ಎಂದು ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳೂ ಇದ್ದಳು. ಅಪ್ಪನನ್ನು ಕಳಿಸಿದ ಆಯಾಸ ಮುಖದಲ್ಲಿ ಹಾಗೇ ಇತ್ತು. ಅವನು ಕಿಟಕಿಯ ಪಕ್ಕ ಕೂತ. ಅವಳ ಕಡೆ ನೋಡಲು ಅಂಜಿ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದ.

“ಅಲ್ಲಿ ಏನು ಕೆಲಸ?”

“ಮತ್ತದೇ. ಕ್ಯಾಮೆರಾ.”

“ಟೇಬಲ್ ಬಿಟ್ಟು ಅಲ್ಲಾಡಬೇಡ.”

“ಇಲ್ಲ.”

“ನನಗೆ ಪೂರ್ತಿ ಸಿಟ್ಟು ಇಳಿದಿಲ್ಲ. ಇಳಿಯೋಕೆ ದಿನ ಬೇಕು.”

“ಗೊತ್ತು. ನಾನು ಬಂದು ಹೋಗ್ತಾ ಇರಲಾ?”

“ಬಾ. ಅತ್ತೆ ಚಹಾಕ್ಕೆ ನೀರು ಹೆಚ್ಚಿಗೇ ಇಡ್ತಾರೆ.”

ಬಸ್ಸು ಗುರ್ ಎಂದಿತು. ಅವನು ಇನ್ನೂ ಎದುರಿನ ಸೀಟನ್ನೇ ನೋಡುತ್ತಿದ್ದ. ಅವಳು ಕಿಟಕಿಯ ಸರಳಿನ ಮೇಲೆ ಕೈಯಿಟ್ಟಳು.

“ಈಗ್ಯಾಕೆ ಆ ಕಡೆ ನೋಡ್ತಿದ್ದೀಯಾ? ಈಗ ನೋಡು ನನ್ನನ್ನ.”

ಅವನು ನೋಡಿದ.

ಅಪ್ಪ ಹೋದದ್ದು ಮಂಗಳವಾರ. ಅವನು ಹೊರಟದ್ದು ಅದೇ ವಾರದ ಶನಿವಾರ.