ಟವೆಲ್ಲಿನ ಹಂಸ

ಹವಳದ ಸರ ಕಳುವಾಯಿತೆಂಬ ಕೂಗು ಕೇಳಿದಾಗ ನಾನು ಎರಡನೆಯ ಆಮ್ಲೆಟ್ಟಿಗೆ ಆಗಷ್ಟೇ ಕೈ ಹಾಕಿದ್ದೆ. ನನ್ನ ಹಣೆಬರಹವೇ ಇಷ್ಟು. ಅಕ್ಕನ ಜೊತೆ ಎಲ್ಲಿಗೆ ಹೋದರೂ ಸರಿಯಾಗಿ ಊಟತಿಂಡಿಯ ಹೊತ್ತಿಗೇ ಏನಾದರೊಂದು ಕಳುವಾಗುತ್ತದೆ, ಇಲ್ಲವೇ ಯಾರಾದರೊಬ್ಬರು ಮೂರ್ಛೆ ಹೋಗುತ್ತಾರೆ.

ಅಕ್ಕ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚುವ ಕೆಲಸದಲ್ಲಿದ್ದವಳು. ನಿವೃತ್ತಿಯಾದರೂ ಮೂಗು ತೂರಿಸುವ ಚಾಳಿ ನಿವೃತ್ತಿಯಾಗಲಿಲ್ಲ. ನಾನು ಅವಳ ತಮ್ಮ. ಚೀಲ ಹೊರುವುದು, ಬೈಸಿಕೊಳ್ಳುವುದು, ಆಮೇಲೆ ಕೂತು ಬರೆದಿಡುವುದು, ಇಷ್ಟು ನನ್ನ ಪಾಲಿನ ಕೆಲಸ.

ಕಡಲ ತೀರದ ಆ ರೆಸಾರ್ಟಿನಲ್ಲಿ ನಾವು ಕಾದಿರಿಸಿದ್ದು ಹಳೆಯ ಕಟ್ಟಡದ ಸಾಧಾರಣ ಕೋಣೆಗಳನ್ನು. ಅದು ಕೋಣೆಯೋ ಸಂತೆಯೋ! ಲಿಫ್ಟಿಗೆ ಸಾಲು, ತಿಂಡಿಗೆ ಸಾಲು, ಈಜುಕೊಳದ ಪಕ್ಕ ಒಂದು ಕುರ್ಚಿ ಸಿಗಬೇಕಾದರೆ ಬೆಳಗಾಗುವ ಮುಂಚೆಯೇ ಟವೆಲ್ ಹಾಸಿ ಬರಬೇಕು. ಅಷ್ಟರಲ್ಲಿ ನಮ್ಮ ಮಹಡಿಯ ನೀರಿನ ಪೈಪು ಒಡೆದು, ನಮ್ಮನ್ನೂ ಎದುರು ಕೋಣೆಗಳ ಕುಟುಂಬವನ್ನೂ ಪುಕ್ಕಟೆಯಾಗಿ ಪ್ರೀಮಿಯಂ ವಿಭಾಗಕ್ಕೆ ಸಾಗಿಸಿದರು. ಮಣಿಕಟ್ಟಿನ ನೀಲಿ ಪಟ್ಟಿ ಕತ್ತರಿಸಿ ಬಂಗಾರದ ಬಣ್ಣದ್ದು ಕಟ್ಟಿದರು. ಅಲ್ಲಿ ನಮ್ಮದೇ ಈಜುಕೊಳ, ನಮ್ಮದೇ ತಿಂಡಿಯ ಮನೆ, ಗತ್ತಿಗಾಗಿ ಕಾರ್ಡಿನ ಬದಲು ಹಿತ್ತಾಳೆಯ ಬೀಗದಕೈ. ಅತಿಥಿಗಳ ಏಕಾಂತಕ್ಕೆ ಭಂಗ ಬರಬಾರದೆಂದು ಓಣಿಯಲ್ಲಿ ಕ್ಯಾಮೆರಾ ಕೂಡ ಇರಲಿಲ್ಲ. ನಾನಂತೂ ಹೋದ ಜನ್ಮದಲ್ಲಿ ಏನೋ ಪುಣ್ಯ ಮಾಡಿದ್ದೆ ಅಂದುಕೊಂಡೆ.

ಒಂದೇ ಕೊರತೆ. ಹಳೆಯ ಕಟ್ಟಡದಲ್ಲಿ ದಿನಾ ಬೇರೆ ಬೇರೆ ಮುಖದ ನಾಲ್ಕೈದು ಜನ ದಂಡೆತ್ತಿ ಬಂದಂತೆ ಬಂದು, ಕೋಣೆ ಗುಡಿಸಿ, ಹಾಸಿಗೆಯ ಮೇಲೆ ಟವೆಲ್ ಮಡಿಸಿ ಮಾಡಿದ ಒಂದು ಹಂಸ ಇಟ್ಟು ಹೋಗುತ್ತಿದ್ದರು. ನನಗೆ ಅದನ್ನು ಕಂಡರೆ ಬಲು ಪ್ರೀತಿ. ಕೊಳದ ಪಕ್ಕ ಅದನ್ನು ಮಾಡುವುದು ಹೇಗೆಂದು ಕಲಿಸಿದಾಗ ನಾನೂ ಕೂತಿದ್ದೆ. ನನ್ನದು ಕತ್ತು ಮುರಿದ ಬಾತುಕೋಳಿಯಾಯಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಹಂಸ ಮೊದಲ ಸಲಕ್ಕೇ ಕತ್ತೆತ್ತಿ ನಿಂತಿತು, ಎಲ್ಲರೂ ಚಪ್ಪಾಳೆ ಹೊಡೆದರು. ಹೊಸ ವಿಭಾಗದಲ್ಲಿ ಮೊದಲ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದರೆ ಕೋಣೆಯೇನೋ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಹಂಸ ಇಲ್ಲ.

"ಹಂಸ ಎಲ್ಲಿ ಅಕ್ಕಾ?"

"ಅರವತ್ತು ದಾಟಿತು, ಮಗುವಿಗೆ ಇನ್ನೂ ಹಂಸ ಬೇಕಂತೆ! ಬಾ ತಿಂಡಿಗೆ," ಎಂದಳು ಅಕ್ಕ.

ಚಿಕ್ಕಮ್ಮ ಎಂದರೆ ನಮ್ಮ ಚಿಕ್ಕಮ್ಮನಲ್ಲ. ಎದುರು ಕೋಣೆಯ ಕುಟುಂಬದಲ್ಲಿ ಇದ್ದವರು ಮೂವರು: ವಯಸ್ಸಾದ ಅಕ್ಕತಂಗಿಯರು, ದೊಡ್ಡವರ ಮಗ. ಆ ಹುಡುಗ ಕರೆಯುವುದು ಕೇಳಿ ಕೇಳಿ ನಾವೂ ತಂಗಿಯನ್ನು ಚಿಕ್ಕಮ್ಮ, ಅದೇ ಲೆಕ್ಕದಲ್ಲಿ ಅವನ ತಾಯಿಯನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಮಗನಿಗೆ ಮದುವೆ ಗೊತ್ತಾಗಿತ್ತು. ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ದೊಡ್ಡಮ್ಮ, ಬರುವ ಸೊಸೆಗೆ ಕೊಡಲಿಕ್ಕೆಂದು ತಮ್ಮ ತಾಯಿಯ ಹವಳದ ಸರವನ್ನು ಪೆಟ್ಟಿಗೆಯಿಂದ ತೆಗೆದು ಎಲ್ಲರಿಗೂ ತೋರಿಸಿದ್ದರು. ಪಕ್ಕದ ಮೇಜಿನ ಕ್ಯಾಪ್ಟನ್ನರಿಗೂ ಕೊಟ್ಟರು. ಅವರು ಹಡಗಿನಿಂದ ನಿವೃತ್ತರಾದವರು, ವರ್ಷಕ್ಕೊಮ್ಮೆ ತಪ್ಪದೆ ಅದೇ ವಿಭಾಗಕ್ಕೆ ಬರುವವರು. ಸರವನ್ನು ಬೆಳಕಿಗೆ ಹಿಡಿದು, "ಇಂಥ ಹವಳ ಈಗ ಸಿಗಲ್ಲ," ಎಂದು ಬಹಳ ಹೊತ್ತು ನೋಡಿದರು. ಕೊನೆಗೆ ಚಿಕ್ಕಮ್ಮ ಕೈ ಚಾಚಿದಾಗ ದೊಡ್ಡಮ್ಮ, "ಕೈ ಎಣ್ಣೆ ನಿಂದು, ತೊಳ್ಕೊಂಡು ಬಾ," ಎಂದರು. ಚಿಕ್ಕಮ್ಮ ತೊಳೆದು ಬರುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿಯಾಗಿತ್ತು. ನಾನು ಐಸ್‌ಕ್ರೀಮಿನಲ್ಲಿ ಮುಳುಗಿದ್ದರಿಂದ ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಈಗ ಆ ಪೆಟ್ಟಿಗೆ ಖಾಲಿಯಾಗಿತ್ತು.

ನಾವು ಓಡಿ ಹೋದಾಗ ಓಣಿಯಲ್ಲಿ ಜನ ಸೇರಿದ್ದರು. ಮ್ಯಾನೇಜರು ಆ ವಿಭಾಗದ ಕೋಣೆಗಳನ್ನೆಲ್ಲ ನೋಡಿಕೊಳ್ಳುವ ಹೆಂಗಸನ್ನು ನಿಲ್ಲಿಸಿಕೊಂಡು ಗದರುತ್ತಿದ್ದರು. ಅವಳ ಬಟ್ಟೆಯ ಪೆಟ್ಟಿಗೆಯನ್ನು ಕ್ವಾರ್ಟರ್ಸಿನಿಂದ ತರಿಸಿ, ಎಲ್ಲರೆದುರೇ ಬೆಂಚಿನ ಮೇಲೆ ಬೋರಲು ಸುರಿದಿದ್ದರು. ಅವಳ ಬಟ್ಟೆ, ಮಗಳ ಶಾಲೆಯ ಯೂನಿಫಾರ್ಮು, ಒಂದು ಬಾಚಣಿಗೆ. ಸರ ಮಾತ್ರ ಇಲ್ಲ.

"ಸರ್, ಆ ಕೋಣೆಗೆ ನಾನು ಹೋಗೇ ಇಲ್ಲ. ತೊಂದರೆ ಕೊಡಬೇಡಿ ಅನ್ನೋ ದೀಪ ಉರೀತಿತ್ತು," ಎಂದಳು ಅವಳು. ಅಳುತ್ತಿರಲಿಲ್ಲ, ಆದರೆ ಬೆಂಚಿನ ಕಡೆ ನೋಡಲಾರದೆ ಗೋಡೆ ನೋಡುತ್ತಿದ್ದಳು.

"ಸುಳ್ಳಿಗೂ ಒಂದು ಮಿತಿ ಬೇಡ್ವಾ? ಕೋಣೆ ಒಪ್ಪವಾಗಿದೆ, ಹಾಸಿಗೆ ಮಾಡಿದೆ. ಭೂತ ಬಂದು ಮಾಡಿತಾ? ಮಧ್ಯಾಹ್ನ ಪೊಲೀಸ್ ಜೀಪ್ ಬರುತ್ತೆ. ಅಷ್ಟರಲ್ಲಿ ಕೊಟ್ಟರೆ ಬರೀ ಕೆಲಸ ಹೋಗುತ್ತೆ. ಕೊಡದೇ ಇದ್ರೆ ಕ್ವಾರ್ಟರ್ಸ್ ಖಾಲಿ ಮಾಡಿ ಜೀಪ್ ಹತ್ತು," ಎಂದರು ಮ್ಯಾನೇಜರು.

"ಮಗಳಿಗೆ ಪರೀಕ್ಷೆ ಸರ್," ಎಂದಳು. ಅಷ್ಟೇ.

ಅಕ್ಕ ಮ್ಯಾನೇಜರಿಗೆ ತನ್ನ ಹಳೆಯ ಉದ್ಯೋಗ ಹೇಳಿದಳು. "ಜೀಪು ಬರೋವರೆಗೆ ನನಗೆ ಬಿಡಿ. ನಿಮ್ಮ ಗಂಟೇನೂ ಹೋಗಲ್ಲ." ಅವರು ಒಲ್ಲದ ಮನಸ್ಸಿನಿಂದ ಒಪ್ಪಿ, ಫೋನ್ ಮಾಡಲು ಹೊರಟುಹೋದರು.

ಮೊದಲು ದೊಡ್ಡಮ್ಮನ ಕೋಣೆ. ಅವರು ಹಾಸಿಗೆಯ ಮೇಲೆ ಕುಸಿದು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚಿಕ್ಕಮ್ಮ ನೀರಿನ ಲೋಟ ಹಿಡಿದು ನಿಂತಿದ್ದರು. ಆ ಸೆಖೆಯಲ್ಲೂ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಿದ್ದರು, ಮುಖ ಬೆವರುತ್ತಿತ್ತು.

"ಹುಷಾರಿಲ್ವಾ?" ಎಂದೆ ನಾನು.

"ಏನೋ ಗಂಟಲು ನೋವು," ಎಂದರು.

"ಬಾಗಿಲು ತೆಗೆದಾಗ ಏನೇನು ಕಂಡಿರಿ? ಒಂದೂ ಬಿಡದೆ ಹೇಳಿ," ಎಂದಳು ಅಕ್ಕ ದೊಡ್ಡಮ್ಮನಿಗೆ.

"ಏನಮ್ಮಾ ಹೇಳ್ಲಿ! ನಾನು ಮಗ ತಿಂಡಿಗೆ ಹೋದೆವು. ಇವಳು ಆಮೇಲೆ ಬರ್ತೀನಿ ಅಂದಳು. ಮಧ್ಯ ಅವನು ಫೋನ್ ಬಂತು ಅಂತ ಎದ್ದು ಹೋದ. ನಾನು ವಾಪಸ್ ಬಂದೆ, ಹಾಸಿಗೆ ಮಾಡಿತ್ತು. ಈ ಟವೆಲ್ ಹಂಸ ಆಗಿ ಕೂತಿತ್ತು, ಚೆಂದ ಕೂತಿದೆಯಲ್ಲ ಅಂದುಕೊಂಡೆ. ನೋಡಿದರೆ ಡ್ರಾಯರ್ ತೆಗೆದಿದೆ. ಎದೆ ಧಸಕ್ ಅಂತು. ಹಂಸದ ಮೇಲೇ ಬಿದ್ದುಬಿಟ್ಟೆ."

"ಕೀಲಿ ಯಾರ ಹತ್ತಿರ?"

"ನನ್ನದು ನನ್ನ ಹತ್ತಿರ. ಇನ್ನೊಂದು ಇವಳ ಹತ್ತಿರ, ನನ್ನ ಮಾತ್ರೆ ತೆಗೆದಿಡೋಳು ಇವಳೇ ಅಲ್ವಾ. ಕೆಲಸದವಳ ಹತ್ತಿರ ಅಂತೂ ಎಲ್ಲಾ ಕೋಣೇದೂ ಇದೆ."

ಬಾಲ್ಕನಿಗೆ ಹೋಗಿ ನೋಡಿದೆವು. ಪಕ್ಕದ ಕ್ಯಾಪ್ಟನ್ನರ ಬಾಲ್ಕನಿಗೂ ಇದಕ್ಕೂ ನಡುವೆ ಒಂದು ಮೋಟುಗೋಡೆ. ಯಾರು ಬೇಕಾದರೂ ದಾಟಬಹುದು. ನನಗೆ ಕೇಸು ಅಲ್ಲೇ ಮುಗಿದಂತೆ ತೋರಿತು.

"ಕ್ಯಾಪ್ಟನ್ನೇ ಅಕ್ಕಾ! ಸರ ನೋಡುವಾಗ ಬಾಯಿ ಬಿಟ್ಟುಕೊಂಡಿದ್ದರು. ಇಲ್ಲದಿದ್ದರೆ ಮಗ. ಫೋನ್ ಅಂತೆ ಫೋನು."

"ನಿನ್ನ ತಲೆ," ಎಂದಳು. ನೆಟ್ಟಗೆ ಹೋಗಿ ಕೊಳದಲ್ಲಿ ಕಾಲು ಇಳಿಬಿಟ್ಟು ಕಣ್ಣು ಮುಚ್ಚಿದಳು. ಕಾಲು ತಣ್ಣಗಿದ್ದರೇ ಅವಳ ತಲೆ ಓಡುವುದು. ಸ್ವಲ್ಪ ಹೊತ್ತಿನ ಮೇಲೆ, "ಇವತ್ತು ಬೆಳಿಗ್ಗೆ ನೀನು ಏನು ಅಂತ ಗೊಣಗಿದೆ?" ಎಂದು ಕೇಳಿದಳು.

"ನಾನು ಗೊಣಗಿದ್ದು ಒಂದಾ ಎರಡಾ?"

"ಅದೂ ಸರಿ," ಎಂದು ನಕ್ಕು ಎದ್ದಳು. "ಎಲ್ಲರನ್ನೂ ಓಣಿಗೆ ಕರಿ. ಆ ಬೆಂಚಿನ ಹತ್ತಿರ. ಎಲ್ಲಿ ಕಳ್ಳಿ ಅಂದರೋ ಅಲ್ಲೇ ಅಲ್ಲ ಅನ್ನಬೇಕು."

ಮ್ಯಾನೇಜರು, ದೊಡ್ಡಮ್ಮ, ಮಗ, ಚಿಕ್ಕಮ್ಮ, ಕ್ಯಾಪ್ಟನ್, ಕೋಣೆಯ ಹೆಂಗಸು, ಎಲ್ಲರೂ ಬಂದರು. ಬಟ್ಟೆಗಳು ಸುರಿದಲ್ಲೇ ಬಿದ್ದಿದ್ದವು.

"ಕ್ಯಾಪ್ಟನ್, ನೀವು ಇಷ್ಟು ವರ್ಷದಿಂದ ಬರ್ತೀರಿ. ನಿಮ್ಮ ಹಾಸಿಗೆ ಮೇಲೆ ಟವೆಲ್ ಹಂಸ ಯಾವತ್ತಾದರೂ ಇಟ್ಟಿದ್ದಾರಾ?" ಎಂದು ಅಕ್ಕ ಶುರು ಮಾಡಿದಳು.

"ಇಲ್ಲ! ಛೆ! ಆ ಮಕ್ಕಳಾಟ ಹಳೇ ಕಟ್ಟಡದಲ್ಲಿ. ಮೈ ಒರೆಸೋ ಬಟ್ಟೆಯನ್ನ ಕೊಕ್ಕರೆ ಮಾಡೋದು ಯಾವ ಸೀಮೆ ಮರ್ಯಾದೆ?"

"ಹಂಸ, ಕೊಕ್ಕರೆ ಅಲ್ಲ," ಎಂದೆ ನಾನು. ಯಾರೂ ಕಿವಿಗೊಡಲಿಲ್ಲ.

ಮ್ಯಾನೇಜರು ಹುಬ್ಬು ಗಂಟಿಕ್ಕಿದರು. "ಹೌದು, ಈ ವಿಭಾಗದಲ್ಲಿ ಅದು ಬೇಡವೇ ಬೇಡ ಅಂತಿದೆ. ಅದಕ್ಕೂ ಇದಕ್ಕೂ ಏನು?"

"ದೊಡ್ಡಮ್ಮನ ಹಾಸಿಗೆ ಮೇಲೆ ಹಂಸ ಇತ್ತು. ಅವರು ಅದರ ಮೇಲೇ ಬಿದ್ದು, ಅದರಿಂದಲೇ ಕಣ್ಣೊರೆಸಿಕೊಂಡರು, ಹಾಗಾಗಿ ನೀವು ಯಾರೂ ನೋಡಲಿಲ್ಲ. ಇವತ್ತು ಬೆಳಿಗ್ಗೆ ಇವಳು ನಮ್ಮ ಕೋಣೆ ಮಾಡಿದಳು. ಹಂಸ ಇಡಲಿಲ್ಲ, ನಮ್ಮ ತಮ್ಮರಾಯರು ಮುಖ ಊದಿಸಿಕೊಂಡರು. ಇವಳು ಕದಿಯೋಕೆ ಹೋಗಿದ್ದರೆ, ಬೇಡ ಅಂದ ಹಂಸವನ್ನ ಆ ಕೋಣೇಲಿ ಮಾತ್ರ ಯಾಕೆ ಮಾಡ್ತಾ ಕೂರ್ತಾಳೆ? ಇಲ್ಲಿನ ಪದ್ಧತಿ ಗೊತ್ತಿರೋ ಕ್ಯಾಪ್ಟನ್ನರೂ ಮಾಡಲ್ಲ. ಕೆಲಸದವರು ಬಂದು ಹೋದ ಹಾಗೆ ಕಾಣಲಿ ಅಂತ ಮಾಡಿದ್ದು, ಹಳೇ ಕಟ್ಟಡದ ಪದ್ಧತಿ ಮಾತ್ರ ನೋಡಿದವರು. ಅಂದರೆ ನಮ್ಮ ಹಾಗೆ ನೆನ್ನೆ ತಾನೇ ಮೇಲೇರಿ ಬಂದವರು."

ಮಗನ ಮುಖ ಕೆಂಪಾಯಿತು. "ನಾನು ಹೊರಗೆ ನಿಂತು ನನ್ನ ಹುಡುಗಿ ಜೊತೆ ಮಾತಾಡ್ತಿದ್ದೆ!"

"ಇರಬಹುದಪ್ಪಾ. ನಿನ್ನ ಹತ್ತಿರ ಕೀಲಿ ಇಲ್ಲ. ಮೇಲಾಗಿ, ಕತ್ತೆತ್ತಿ ನಿಲ್ಲೋ ಹಂಸ ಮಾಡೋದು ಹುಡುಗಾಟ ಅಲ್ಲ, ಇವನನ್ನ ಕೇಳು." ನನ್ನ ಕಡೆ ಬೆರಳು ತೋರಿಸಿದಳು. "ಚೆಂದ ಕೂತಿತ್ತು ಅಂದರು ನಿಮ್ಮಮ್ಮ. ನಮ್ಮ ಪೈಕಿ ಹಾಗೆ ಮಾಡೋಕೆ ಬರೋದು ಒಬ್ಬರಿಗೇ. ಕೀಲಿ ಇರೋದೂ ಅವರ ಹತ್ತಿರವೇ. ಒಳಗಿರುವಾಗ ಯಾರೂ ಬರದಿರಲಿ ಅಂತ ಆ ದೀಪ ಹಾಕಿದ್ದೂ ಅವರೇ." ಅವಳ ದನಿ ತಗ್ಗಿತು. "ಚಿಕ್ಕಮ್ಮಾ, ಸೆಖೆ ತುಂಬಾ ಇದೆ. ಆ ಗುಂಡಿ ತೆಗೆಯಿರಿ."

ಚಿಕ್ಕಮ್ಮ ಗುಂಡಿ ಬಿಚ್ಚಿದರು. ಹವಳದ ಸರ ಅವರ ಕೊರಳಲ್ಲೇ ಇತ್ತು.

"ನೀನಾ?" ಎಂದರು ದೊಡ್ಡಮ್ಮ.

"ಅಮ್ಮ ಹಾಸಿಗೆ ಹಿಡಿದಷ್ಟು ವರ್ಷ ನಾನು ನೋಡ್ಕೊಂಡೆ," ಎಂದರು ಚಿಕ್ಕಮ್ಮ. "ನೀನು ಬಂದೆ, ಅಳ್ತಾ ಕೂತೆ, ಸರ ತಗೊಂಡು ಹೋದೆ. ನಾನು ಏನಾದರೂ ಅಂದೆನಾ? ಒಂದು ಸಲ ಮುಟ್ಟೋಣ ಅಂದರೆ ನನ್ನ ಕೈ ಎಣ್ಣೆ. ಯಾರ ಮೇಲೂ ಹೊರಿಸಬೇಕು ಅಂತ ಮಾಡಲಿಲ್ಲ ಕಣೇ. ಹಳೇ ಕಟ್ಟಡದಲ್ಲಿ ದಿನಾ ಯಾರ್‍ಯಾರೋ ಬರ್ತಿದ್ದರಲ್ಲ. ಇಷ್ಟು ದೊಡ್ಡ ಜಾಗ, ಯಾರೋ ಏನೋ ಅಂತ ಬಿಟ್ಟುಬಿಡ್ತಾರೆ ಅಂದುಕೊಂಡೆ. ಇಲ್ಲಿ ಎಲ್ಲಾ ಕೋಣೆಗೂ ಇವಳೊಬ್ಬಳೇ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ," ಎಂದಳು ಅಕ್ಕ. ಅವಳಿಗೆ ಕೋಪ ಬಂದಿತ್ತು, ಮುಚ್ಚಿಡಲಿಲ್ಲ. "ಇವಳ ಮಗಳ ಯೂನಿಫಾರ್ಮ್ ಇಲ್ಲಿ ಬಿದ್ದಿರೋದನ್ನ ನೋಡ್ತಾ ನಿಂತಿದ್ದಿರಿ."

ಚಿಕ್ಕಮ್ಮ ತಲೆ ತಗ್ಗಿಸಿದರು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಕೋಣೆಯ ಹೆಂಗಸಿಗೆ, "ಆಯ್ತಮ್ಮ, ಏನೋ ಆಗಿಹೋಯಿತು. ಜೀಪ್ ಬೇಡ ಅಂತ ಹೇಳ್ತೀನಿ. ಇದನ್ನೆಲ್ಲ ತೆಗೆದಿಟ್ಟು ಕೆಲಸಕ್ಕೆ ಹೋಗು," ಎಂದರು.

ಅವಳು ಕದಲಲಿಲ್ಲ. ಮೊದಲ ಸಲ ಬೆಂಚಿನ ಕಡೆ ತಿರುಗಿದಳು.

"ನಾನು ತೆಗೆಯಲ್ಲ ಸರ್. ನಾನು ಮಡಿಸಿಟ್ಟಿದ್ದೆ. ಸುರಿದೋರು ಮಡಿಸಲಿ."

ಮ್ಯಾನೇಜರು ಸುತ್ತ ನೋಡಿದರು, ಅಕ್ಕನ ಮುಖ ನೋಡಿದರು, ಕೊನೆಗೆ ಕೋಟಿನ ತೋಳು ಮೇಲೇರಿಸಿ ಒಂದು ಅಂಗಿ ಎತ್ತಿಕೊಂಡರು. ಅವರಿಗೆ ಮಡಿಸಲು ಬರುತ್ತಿರಲಿಲ್ಲ. ಮುದುಡಿ ಪೆಟ್ಟಿಗೆಗೆ ತುರುಕಿದರು. ಆಗ ಚಿಕ್ಕಮ್ಮ ಸರ ತೆಗೆದು ದೊಡ್ಡಮ್ಮನ ಕೈಯಲ್ಲಿಟ್ಟು, ಬೆಂಚಿನ ಮುಂದೆ ಮಂಡಿಯೂರಿ ಕೂತರು. ಆ ಅಂಗಿಯನ್ನು ಹೊರಗೆ ತೆಗೆದು, ಕೊಡವಿ, ತೋಳು ಒಳಗೆ ಮಾಡಿ ಮಡಿಸಿದರು. ಒಂದಾದ ಮೇಲೊಂದು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕೈ ಮಾತ್ರ ತಪ್ಪಲಿಲ್ಲ.

"ತಪ್ಪಾಯಿತಮ್ಮಾ," ಎಂದರು, ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ.

ಕೋಣೆಯ ಹೆಂಗಸು ಯೂನಿಫಾರ್ಮಿನ ಸರದಿ ಬಂದಾಗ, "ಅದು ಹಾಗಲ್ಲ. ನೆರಿಗೆ ಮುರಿಯುತ್ತೆ, ಉದ್ದಕ್ಕೆ ಮಡಿಸಿ," ಎಂದಳು. ಚಿಕ್ಕಮ್ಮ ಬಿಚ್ಚಿ ಉದ್ದಕ್ಕೆ ಮಡಿಸಿದರು.

ದೊಡ್ಡಮ್ಮ ಸರ ಹಿಡಿದು ನಿಂತೇ ಇದ್ದರು. ಮಗ ಏನೋ ಹೇಳಲು ಹೋದ, ಕೈ ಎತ್ತಿ ತಡೆದರು. ತಂಗಿಯ ಕೈಗಳನ್ನೇ ನೋಡುತ್ತಿದ್ದರು.

"ಅಮ್ಮನ ಬಟ್ಟೇನೂ ಇವಳೇ ಮಡಿಸ್ತಿದ್ದಳು," ಎಂದರು, ಯಾರಿಗೆ ಹೇಳಿದರೋ. ಆಮೇಲೆ ಬಹಳ ಕಷ್ಟಪಟ್ಟು, ನೋಯುವ ಮಂಡಿ ಹಿಡಿದುಕೊಂಡು, ತಂಗಿಯ ಪಕ್ಕದಲ್ಲಿ ನೆಲಕ್ಕೆ ಕೂತರು.

ಅಕ್ಕ ನನ್ನ ತೋಳು ಹಿಡಿದು ಎಳೆದಳು. ನಾವು ತಿಂಡಿಯ ಮನೆಗೆ ವಾಪಸು ಹೋದೆವು. ನನ್ನ ಆಮ್ಲೆಟ್ಟು ತಟ್ಟೆಯಲ್ಲೇ ಇತ್ತು, ತಣ್ಣಗೆ ಕೊರೆಯುತ್ತಿತ್ತು. ನಾನು ಗೊಣಗದೆ ತಿಂದೆ.