ಮೆತ್ತನೆಯ ಒರೆ

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 7.42. ಪೆಲ್ ಕೌಂಟಿಯ ಶೆರಿಫ್ ಕಚೇರಿಗೆ ಫೋನ್ ಬಂತು. ಮಾತಾಡಿದವನು ಊರಿನಲ್ಲಿ ಪಿಸ್ತೂಲಿನ ಒರೆ ಹೊಲಿಯುವ ಆರ್ಲಿಸ್ ಸ್ಟ್ಯಾಂಪರ್.

"ನನ್ನ ಮಗಳು ಡಾರ್ಲಾಗೆ ಗುಂಡು ಬಿದ್ದಿದೆ. ಅವಳ ಮನೆ ಮುಂದೇನೇ. ಉಸಿರಿಲ್ಲ," ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಸಾರ್ಜೆಂಟ್ ಲೊರೀನ್ ಟ್ಯಾಕೆಟ್ ಮತ್ತು ಡೆಪ್ಯುಟಿ ವೆಸ್ ಪ್ರಿಚರ್ಡ್ 8.05ಕ್ಕೆ ಸ್ಥಳ ತಲುಪಿದರು. ಡಾರ್ಲಾ ಮಾಬ್ರಿ, ವಯಸ್ಸು 34, ಗುಡ್ಡದ ಒಂಟಿ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಕಾರಿನ ಪಕ್ಕ ಬಿದ್ದಿದ್ದಳು. ಬಲತೊಡೆಯಲ್ಲಿ ಗಾಯ, ಜಲ್ಲಿಯ ಮೇಲೆ ಅವಳದೇ ಪಿಸ್ತೂಲು. ಗಂಡ ಡ್ವೇನ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದಿನ ಹುಲ್ಲುಗಾವಲಿನಲ್ಲಿ ದನಗಳಿಗೆ ಮೇವು ಹಾಕುತ್ತಿದ್ದೆ, ಟ್ರ್ಯಾಕ್ಟರ್ ಸದ್ದಿನಲ್ಲಿ ಏನೂ ಕೇಳಲಿಲ್ಲ ಎಂದ. ಮಂಗಳವಾರದ ತಿಂಡಿಗೆಂದು ಬಂದಿದ್ದ ಆರ್ಲಿಸ್ ಬೇಲಿ ಹಿಡಿದು ನಿಂತಿದ್ದ. ಯಾರೂ ಏನನ್ನೂ ಮುಟ್ಟಿಲ್ಲ ಎಂದು ಹೇಳಿಕೆ ಕೊಟ್ಟ.

ಮಹಜರು ಮುಗಿಯಿತು. ಪಿಸ್ತೂಲಿನ ಮೇಲೆ ಸಿಕ್ಕಿದ್ದು ಗಂಡ ಹೆಂಡತಿಯ ಬೆರಳಚ್ಚು ಮಾತ್ರ. ಸೋಮವಾರ ಸಂಜೆ ಇಬ್ಬರೂ ಬೀದಿಗೆ ಕೇಳುವಷ್ಟು ಕೂಗಾಡಿದ್ದರೆಂದು ಪಕ್ಕದ ಮನೆಯವಳು ಹೇಳಿದಳು. ಶೆರಿಫ್‌ಗೆ ಅಷ್ಟು ಸಾಕಾಯಿತು. ಸಂಜೆ ನಾಲ್ಕಕ್ಕೆ ಡ್ವೇನ್‌ನನ್ನು ವಶಕ್ಕೆ ತೆಗೆದುಕೊಂಡರು. ಗುರುವಾರ ಬೆಳಿಗ್ಗೆ ಕೊಲೆ ಆರೋಪದ ಮೇಲೆ ನ್ಯಾಯಾಧೀಶರ ಮುಂದೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ನಮ್ಮ ಊರಂತೂ ರಾತ್ರಿ ಊಟದ ಹೊತ್ತಿಗೇ ಅವನಿಗೆ ಶಿಕ್ಷೆ ಕೊಟ್ಟು ಮುಗಿಸಿತ್ತು.

ಬುಧವಾರ ಮಧ್ಯಾಹ್ನ ಶವಪರೀಕ್ಷೆಯ ವರದಿ ಬಂತು. ಗುಂಡು ಸೊಂಟದಿಂದ ಕೆಳಮುಖವಾಗಿ ಇಳಿದು ದೊಡ್ಡ ರಕ್ತನಾಳವನ್ನು ಕತ್ತರಿಸಿತ್ತು. ಪ್ಯಾಂಟಿನ ಒಳಮಗ್ಗುಲು ಸುಟ್ಟಿತ್ತು, ಹೊರಗೆ ಏನೂ ಇರಲಿಲ್ಲ.

"ವೆಸ್, ಎದುರಿಗೆ ನಿಂತು ಹೊಡೆದಿದ್ರೆ ಪ್ಯಾಂಟು ಒಳಗಡೆ ಹೆಂಗಯ್ಯಾ ಸುಡತ್ತೆ?"

"ಪಿಸ್ತೂಲು ಪ್ಯಾಂಟಿನೊಳಗೆ ಸೊಂಟದಲ್ಲೇ ಇತ್ತು ಅಂತೀರಾ ಮೇಡಂ?"

"ಇತ್ತು. ಹಂಗಾದ್ರೆ ಒರೆ ಎಲ್ಲಿ ಹೋಯ್ತು?"

ಮನೆ ಹುಡುಕಿದರು. ಕಪಾಟಿನಲ್ಲಿ ಒಂದು ಶೂ ಡಬ್ಬಿ ಸಿಕ್ಕಿತು. ಅಂಗಿಯ ಅಡಿಯಲ್ಲಿ ಪಿಸ್ತೂಲು ಕಟ್ಟಿಕೊಳ್ಳುವವರ ಮನೆಯಲ್ಲೆಲ್ಲ ಇಂಥದೊಂದು ಡಬ್ಬಿ ಇದ್ದೇ ಇರುತ್ತದೆ. ಆಸೆಪಟ್ಟು ಕೊಂಡು, ಎರಡು ದಿನ ಕಟ್ಟಿ, ಶಾಪ ಹಾಕಿ ಎಸೆದ ಒರೆಗಳು. ಡಾರ್ಲಾಳ ಡಬ್ಬಿಯಲ್ಲಿ ಒಂಬತ್ತಿದ್ದವು: ಸೊಂಟ ಕೆರೆಯುವ ಪ್ಲಾಸ್ಟಿಕ್ಕಿನದು, ಬೆವರು ಕುಡಿದು ನಾರುವ ಬಟ್ಟೆಯದು, ಕಾಲಿಗೆ ಕಟ್ಟುವುದೊಂದು. ದಿನವಿಡೀ ಕಾರು ಓಡಿಸುವವಳಿಗೆ ಯಾವುದೂ ಒಗ್ಗಿರಲಿಲ್ಲ, ಪಾಪ. ಒಂದರಲ್ಲೂ ಸುಟ್ಟ ಗುರುತಿರಲಿಲ್ಲ.

2.30ಕ್ಕೆ ಲೊರೀನ್ ಡ್ವೇನ್‌ನ ಎದುರು ಕೂತಳು.

"ಸೋಮವಾರದ ಜಗಳ ಯಾತಕ್ಕೆ?"

"ಕೆಲ್ಸ ಬಿಡು ಅಂದೆ. ಆ ಗುಡ್ಡದ ಮನೆಗಳಿಗೆ ಒಬ್ಬಳೇ ಹೋಗ್ಬೇಡ ಅಂದೆ. ಕೂಗಾಡಿದ್ಲು."

"ಪಿಸ್ತೂಲಿನ ಮೇಲೆ ನಿನ್ನ ಬೆರಳಚ್ಚು ಹೆಂಗೆ ಬಂತು?"

"ಭಾನುವಾರ ಒರೆಸಿ ಎಣ್ಣೆ ಹಾಕಿದ್ದು ನಾನೇ. ರಾತ್ರಿ ಅದನ್ನ ಕಾರಿನ ಪೆಟ್ಟಿಗೇಲಿ ಇಟ್ಟು ಬೀಗ ಹಾಕ್ತಾಳೆ, ಬೆಳಿಗ್ಗೆ ಹೊರಡುವಾಗ ಸೊಂಟಕ್ಕೆ ಸಿಕ್ಕಿಸ್ಕೋತಾಳೆ."

"ಯಾವ ಒರೆಗೆ?"

"ಮಾವ ಭಾನುವಾರ ತಂದುಕೊಟ್ಟಿದ್ದಕ್ಕೆ. ಚರ್ಮದ್ದು. ಮಂಗಳವಾರ ಅದನ್ನೇ ಕಟ್ಕೊಂಡು ಕಾಫಿ ಕುಡಿದ್ಲು, ನಾನೇ ನೋಡಿದೀನಿ." ಅವನು ತಲೆಯೆತ್ತಿದ. "ಅದು ನಿಮ್ಮ ಹತ್ರಾನೇ ಇದೆಯಲ್ವಾ?"

ಲೊರೀನ್ ಎದ್ದಳು.

ಅವಳ ಸೊಂಟದಲ್ಲೂ ಇದ್ದದ್ದು ಆರ್ಲಿಸ್ ಹೊಲಿದ ಒರೆಯೇ, ಹನ್ನೊಂದು ವರ್ಷದಿಂದ. ಅವನ ಒರೆಯ ಬಾಯಿಯೊಳಗೆ ತೆಳ್ಳನೆಯ ಉಕ್ಕಿನ ಪಟ್ಟಿ ಇರುತ್ತದೆ. ಪಿಸ್ತೂಲು ತೆಗೆದರೂ ಬಾಯಿ ತೆರೆದೇ ನಿಲ್ಲುತ್ತದೆ. ಪಟ್ಟಿ ಇಲ್ಲದಿದ್ದರೆ ಮತ್ತೆ ಸಿಕ್ಕಿಸುವಾಗ ಮಡಚಿದ ಚರ್ಮ ಪಿಸ್ತೂಲಿನ ಜೊತೆ ಒಳಗೆ ಸರಿದು, ಗುಂಡು ಹಾರಿಸುವ ಕುದುರೆಯನ್ನು ಒತ್ತಿಬಿಡಬಹುದು. ಪಟ್ಟಿ ಚುಚ್ಚುತ್ತದೆ, ತೆಗೆದುಕೊಡು ಎಂದ ಗಿರಾಕಿಗಳನ್ನು ಅವನು ಬಾಗಿಲಿಂದಲೇ ಓಡಿಸುತ್ತಿದ್ದ.

3.20ಕ್ಕೆ ಅವಳು ವೆಸ್ ಜೊತೆ ಅಂಗಡಿಗೆ ಹೋದಾಗ ಆರ್ಲಿಸ್ ಬರಿಗೈಯಲ್ಲಿ ಕೂತಿದ್ದ.

"ಆರ್ಲಿಸ್ ಮಾಮ, ಡಾರ್ಲಾ ಒರೆಗೆ ಪಟ್ಟಿ ಹಾಕಿದ್ರಾ?"

ಮುದುಕ ಡ್ರಾಯರ್ ಕಡೆ ನೋಡಿದ.

"ನಾಳೆ ಒಂಬತ್ತಕ್ಕೆ ಡ್ವೇನ್‌ನ ಜಡ್ಜ್ ಮುಂದೆ ನಿಲ್ಲಿಸ್ತಾರೆ ಮಾಮ. ಪಟ್ಟಿ ಹಾಕಿದ್ರಾ?"

"ಇಲ್ಲ ಮಗಳೇ. ಚುಚ್ಚತ್ತಪ್ಪಾ ಅಂದ್ಲು. ಸೊಂಟದಲ್ಲಿ ಗಾಯ ಆಗಿತ್ತು ಕಣೆ. ನಲವತ್ತು ವರ್ಷ ಊರಿನವರಿಗೆಲ್ಲಾ ಆಗಲ್ಲ ಹೋಗ್ರೋ ಅಂದಿದೀನಿ. ಅವಳಿಗೆ ಅನ್ನೋಕಾಗ್ಲಿಲ್ಲ. ಪಟ್ಟಿ ಬಿಟ್ಟೆ, ಚರ್ಮಾನೂ ತೆಳ್ಳಗೆ ಹೆರೆದೆ."

ಡ್ರಾಯರ್‌ನಿಂದ ಒರೆ ತೆಗೆದು ಮೇಜಿನ ಮೇಲಿಟ್ಟ. ಬಾಯಿ ಒಳಕ್ಕೆ ಮಡಚಿಕೊಂಡಿತ್ತು, ತಳ ಸುಟ್ಟಿತ್ತು. ಮಗಳನ್ನು ಮೊದಲು ಕಂಡವನು ಅವನೇ. ನೋಡಿದ ಕೂಡಲೇ ಏನಾಗಿದೆಯೆಂದು ಗೊತ್ತಾಗಿತ್ತು. ಒರೆಯನ್ನು ಕಳಚಿ, ಪಿಸ್ತೂಲನ್ನು ಕೈತಾಗದಂತೆ ಕೆಳಗೆ ಜಾರಿಸಿ, ಒರೆಯನ್ನು ಕೋಟಿನೊಳಗೆ ಇಟ್ಟುಕೊಂಡಿದ್ದ.

"ಅಳಿಯನ ಮೇಲೆ ಕೊಲೆ ಆರೋಪ ಬಂದ್ರೂ ಸುಮ್ನಿದ್ರಲ್ಲ ಮಾಮ?"

"ನಿನ್ನೆ ಸಂಜೆ ಹೇಳೋಣ ಅಂದ್ಕೊಂಡೆ. ಇವತ್ತು ಬೆಳಿಗ್ಗೆ ಹೇಳೋಣ ಅಂದ್ಕೊಂಡೆ. ಬಾಯೇ ಬರ್ಲಿಲ್ಲ."

3.50ಕ್ಕೆ ಸಾಕ್ಷ್ಯ ಬಚ್ಚಿಟ್ಟಿದ್ದಕ್ಕೆ, ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಆರ್ಲಿಸ್‌ನನ್ನು ಬಂಧಿಸಲಾಯಿತು. ಕೋಳ ತೊಡಿಸಲು ಲೊರೀನ್‌ಗೆ ಕೈಬರಲಿಲ್ಲ, ವೆಸ್ ತೊಡಿಸಿದ.

ಆರು ಗಂಟೆಗೆ ಡ್ವೇನ್‌ನನ್ನು ಬಿಟ್ಟರು. ಕಚೇರಿಯ ಪಡಸಾಲೆಯಲ್ಲಿ ಮಾವ ಎದುರಾದ. ಹೊಡೆದೇಬಿಡುತ್ತಾನೆಂದು ವೆಸ್ ನಡುವೆ ಬಂದು ನಿಂತ.

"ನನ್ನ ಹತ್ರ ಆದ್ರೂ ಹೇಳ್ಬಾರ್ದಿತ್ತಾ ಮಾವಾ?" ಎಂದ ಡ್ವೇನ್. "ಇಬ್ರೂ ಒಟ್ಟಿಗೆ ಅಳ್ತಿದ್ವಲ್ಲ."

ಆರ್ಲಿಸ್‌ನ ಹೇಳಿಕೆ ನಾಲ್ಕು ಪುಟವಾಯಿತು. ಕೊನೆಯಲ್ಲಿ ಲೊರೀನ್ ಕೇಳಿದಳು, ಒರೆ ಬಚ್ಚಿಟ್ಟದ್ದು ಜೈಲಿನ ಭಯಕ್ಕೋ, ಅಂಗಡಿಯ ಹೆಸರು ಕೆಡುತ್ತದೆಂದೋ? ಎರಡೂ ಅಲ್ಲ ಎಂದ. ಸೋಮವಾರ ರಾತ್ರಿ ಮಗಳು ಫೋನ್ ಮಾಡಿದ್ದಳಂತೆ. "ಅಪ್ಪಾ, ಇವತ್ತು ಇಡೀ ದಿನ ಕಟ್ಕೊಂಡಿದ್ದೆ. ಸೊಂಟದಲ್ಲಿ ಇದೆ ಅನ್ನೋದೇ ಮರ್ತುಹೋಗಿತ್ತು," ಎಂದಿದ್ದಳು. ಅವನು ಆ ರಾತ್ರಿ ಖುಷಿಯಿಂದ ಮಲಗಿದ್ದ. ಅವಳು ಅಪ್ಪನೊಂದಿಗೆ ಆಡಿದ ಕೊನೆಯ ಮಾತು ಅದು. ಒರೆಯನ್ನು ಪೊಲೀಸರಿಗೆ ಕೊಟ್ಟರೆ ಅದು ಅವಳನ್ನು ಕೊಂದ ವಸ್ತುವಷ್ಟೇ ಆಗಿಬಿಡುತ್ತದೆ, ಆ ಮಾತೂ ತನಗೆ ಉಳಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಲೊರೀನ್ ಅವನು ಹೇಳಿದ ಹಾಗೆಯೇ ಬರೆದುಕೊಂಡಳು. ಅವನು ಒಂದು ಸಲ ಓದಿ ಸಹಿ ಹಾಕಿದ.