ಬಲಗಾಲಿನ ಕಾಲುಂಗುರ

"ಕಾಲುಂಗುರ ಶಾಸ್ತ್ರ ಬೇಡ," ಎಂದೆ.

ವಿಶ್ವಾಸ್ ಪುಟ್ಟ ಡಬ್ಬಿಯ ಮುಚ್ಚಳ ತೆರೆದು ಹಿಡಿದವನು ಹಾಗೆಯೇ ನಿಂತ. ಒಳಗೆ ಮೈಸೂರಿನಿಂದ ತರಿಸಿದ ಬೆಳ್ಳಿಯ ಜೋಡಿ. ನ್ಯೂಕ್ಯಾಸಲ್‌ನ ಅವನ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಬಂದ ಬಿಸಿಲು ನೇರ ಅವನ ಕಿವಿಯ ಮೇಲೆ ಬಿದ್ದು, ಕಿವಿ ಕೆಂಪಗೆ ಹೊಳೆಯುತ್ತಿತ್ತು. ಹಿಡಿದು ಹಿಂಡಬೇಕು ಅನ್ನಿಸುವಷ್ಟು ಮುದ್ದಾದ ಕಿವಿ. ಆದರೂ ಬೇಡ ಎಂದೆ.

"ಇಡೀ ಮದುವೇಲಿ ನಾನು ಕೇಳಿದ್ದು ಇದೊಂದೇ ಕಣೇ. ನೀನು ಕಲ್ಲಿನ ಮೇಲೆ ಪಾದ ಇಡೋದು, ನಾನು ಬಗ್ಗಿ..."

"ಬೇಡ ಅಂದ್ರೆ ಬೇಡ, ಅಷ್ಟೆ."

"ಸರಿ, ಸಮಾನತೆ ಪ್ರಶ್ನೆನಾ? ನೀನೂ ನಂಗೆ ಏನಾದ್ರೂ ಹಾಕು. ಮೂಗುದಾರ ಆದ್ರೂ ಓಕೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಸಿಟ್ಟು ನೆತ್ತಿಗೇರಿತು. ಬ್ಯಾಗ್ ಎತ್ತಿಕೊಂಡು, ಬಾಗಿಲು ದಡಾರನೆ ಹಾಕಿ, ಅರ್ಧ ಗಂಟೆ ದೂರದ ಕೆಂಟ್‌ನ ನನ್ನ ಮನೆಯವರೆಗೂ ಒಬ್ಬಳೇ ಗೊಣಗಿಕೊಂಡು ಡ್ರೈವ್ ಮಾಡಿದೆ.

ಆ ಶಾಸ್ತ್ರದಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾರೋ ಒಬ್ಬ ಅತ್ತಿಗೆ ಮದುಮಗಳ ಸೀರೆಯನ್ನು ಮೊಣಕಾಲ ಹತ್ತಿರಕ್ಕೆ ಎತ್ತಿ ಹಿಡಿಯುತ್ತಾಳೆ. ಫೋಟೋಗ್ರಾಫರ್ ಕ್ಯಾಮೆರಾವನ್ನು ಕಾಲಿಗೇ ತರುತ್ತಾನೆ. ಇನ್ನೂರು ಜನ ಕತ್ತು ಚಾಚಿ ನೋಡುತ್ತಾರೆ. ನೋಡಲಿ, ಆದರೆ ನನ್ನ ಬಲಗಾಲಿನಲ್ಲಿ ಮಂಡಿಯಿಂದ ಹರಡಿನವರೆಗೂ ನೇರಳೆ ಬಣ್ಣದ ನರಗಳು ಗಂಟುಗಂಟಾಗಿ ಉಬ್ಬಿ ನಿಂತಿದ್ದವು. ಎಂಟು ತಿಂಗಳಿಂದ ಪ್ರೀತಿಸುತ್ತಿದ್ದವನಿಗೆ ಅದನ್ನು ನಾನು ತೋರಿಸಿರಲಿಲ್ಲ. ಬೇಸಿಗೆಯ ಬೀಚಿನಲ್ಲೂ ಜೀನ್ಸ್ ಹಾಕಿ ಕೂತಿದ್ದೆ.

ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನಾನು ಇನ್ಸ್‌ಪೆಕ್ಟರ್. ಕಾಂಕ್ರೀಟ್ ನೆಲದ ಮೇಲೆ ದಿನಕ್ಕೆ ಹತ್ತು ಗಂಟೆ ನಿಲ್ಲುತ್ತೇನೆ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಭಾಗವನ್ನು ಕೆಂಪು ಪೆಟ್ಟಿಗೆಗೆ ಹಾಕುತ್ತೇನೆ, ಯಾರು ಬೇಡಿಕೊಂಡರೂ ಬಿಡುವುದಿಲ್ಲ. ಅಂಥ ನಾನು ನನ್ನ ಕಾಲನ್ನು ಮಾತ್ರ ಹನ್ನೆರಡು ವರ್ಷ ನೋಡಿಯೂ ನೋಡದಂತೆ ಪಾಸ್ ಮಾಡುತ್ತ ಬಂದಿದ್ದೆ.

ತಪ್ಪು ನನ್ನೊಬ್ಬಳದೇ ಅಲ್ಲ. "ಸೀರೆ ಉಟ್ರೆ ಯಾರಿಗೂ ಕಾಣಲ್ಲ. ಮದುವೆ ಆಗೋವರ್ಗೂ ಬಾಯಿ ಬಿಡಬೇಡ," ಎಂದು ಅಮ್ಮ ಹೇಳಿದ್ದಳು. ಈ ದೇಶಕ್ಕೆ ಬಂದ ಮೇಲೆ ಒಬ್ಬ ಡಾಕ್ಟರಿಗೆ ತೋರಿಸಿದ್ದೆ. ಆ ಪುಣ್ಯಾತ್ಮ ಬಾಗಿಲ ಬಳಿಯಿಂದಲೇ ಒಂದು ನೋಟ ಬೀರಿ, "ಕಾಸ್ಮೆಟಿಕ್ ಅಷ್ಟೆ," ಎಂದು ಹೊರಟುಹೋದ. ಸಂಜೆಯಾದರೆ ಕಾಲು ಸೀಸ ತುಂಬಿದಂತೆ ಭಾರ, ಹಾಸಿಗೆಯಲ್ಲಿ ಮೀನಖಂಡ ಹಿಡಿದು ಒದ್ದಾಟ. ಇದೆಲ್ಲ ಸೌಂದರ್ಯದ ಸಮಸ್ಯೆಯಂತೆ!

ಜಗಳವಾಗಿ ಮೂರು ದಿನಕ್ಕೆ ಮೀನಖಂಡದಲ್ಲಿ ಕೆಂಪು ಗೆರೆಯೊಂದು ಮೂಡಿತು. ಮುಟ್ಟಿದರೆ ಬಿಸಿ, ಒತ್ತಿದರೆ ದಾರದುಂಡೆಯಷ್ಟು ಗಟ್ಟಿ. ವಿಡಿಯೋ ಕಾಲ್‌ನಲ್ಲಿ ಅಮ್ಮ, "ನಿಂತೂ ನಿಂತೂ ನರ ಹಿಡ್ಕೊಂಡಿದೆ. ಹರಳೆಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕು," ಎಂದಳು. ನಮ್ಮ ಮನೆಯಲ್ಲಿ ಉಳುಕಿಗೂ ಹರಳೆಣ್ಣೆ, ಊತಕ್ಕೂ ಹರಳೆಣ್ಣೆ. ಎರಡು ದಿನ ಶಕ್ತಿ ಬಿಟ್ಟು ತಿಕ್ಕಿದೆ.

ಶನಿವಾರ ಬೆಳಿಗ್ಗೆ ಅಡುಗೆಮನೆ ನೆಲದ ಮೇಲೆ ಶಾರ್ಟ್ಸ್‌ನಲ್ಲಿ, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದೆ. ಬಾಗಿಲು ತೆರೆದ ಸದ್ದಾಯಿತು. ಅವನ ಹತ್ತಿರ ಕೀ ಇದೆಯೆಂಬುದೇ ಮರೆತಿತ್ತು.

"ಖಾರಾಬಾತ್ ತಂದಿದೀನಿ, ಸಂಧಾನಕ್ಕೆ..." ಎನ್ನುತ್ತ ಸ್ಟೀಲ್ ಡಬ್ಬಿ ಹಿಡಿದು ಬಂದ ವಿಶ್ವಾಸ್ ಅಲ್ಲೇ ನಿಂತ.

ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಡಬ್ಬಿ ಕೆಳಗಿಟ್ಟು, ನನಗೆ ಬೆನ್ನು ಹಾಕಿ, ಫೋನ್ ತೆಗೆದ.

ಮುಗಿಯಿತು, ಅವರಮ್ಮನಿಗೆ ಫೋನ್ ಮಾಡುತ್ತಿದ್ದಾನೆ ಎಂದುಕೊಂಡೆ. ಹಿಂದೊಮ್ಮೆ ಮೈಸೂರಿನಲ್ಲಿ ನನ್ನನ್ನು ನೋಡಲು ಬಂದವನೊಬ್ಬ ಒಪ್ಪಿ, ಅವನ ಅಕ್ಕ ನನ್ನ ಕಾಲು ನೋಡಿದ ಮೇಲೆ ಹೀಗೇ ಬೆನ್ನು ತಿರುಗಿಸಿ ಹೋಗಿದ್ದ.

"ನೋಡಿ ಆಯ್ತಲ್ಲ? ನಿನ್ನ ಕಾಲುಂಗುರ ತಗೊಂಡು ಹೊರಡು!" ಎಂದು ಕೂಗಿದೆ.

ಅವನು ಕೈ ಎತ್ತಿ ತಡೆ ಎಂದ. ಫೋನಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಹೌದು, ಒಂದೇ ಕಾಲು. ಹೌದು, ಕೆಂಪಗಿದೆ. ತಿರುಗಿದಾಗ ಅವನ ಮುಖ ಬಿಳುಚಿಕೊಂಡಿತ್ತು.

"ನೇತ್ರಾ, ಆ ಬಟ್ಟಲು ಪಕ್ಕಕ್ಕಿಡು. ತಿಕ್ಕಬೇಡ ಅಂತಿದಾರೆ ಆಸ್ಪತ್ರೆ ನರ್ಸ್. ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಎದೆ ನೋವು?"

"ಇಲ್ಲ. ಸಿಟ್ಟು ಬರ್ತಿದೆ ಅಷ್ಟೆ."

"ಅದು ಅವರ ಲಿಸ್ಟಲ್ಲಿಲ್ಲ. ಏಳು, ಈಗ್ಲೇ ಬರೋಕೆ ಹೇಳಿದಾರೆ."

ಕಾರು ಸಿಗ್ನಲ್‌ನಲ್ಲಿ ನಿಂತಾಗ ಅವನೇ ಸಿಡಿದ.

"ಎಂಟು ತಿಂಗಳು! ನಿನ್ನ ಗೊರಕೆ ಗೊತ್ತು, ನಿನ್ನ ಅಳು ಗೊತ್ತು. ಕಾಲು ನೋಡಿ ಓಡಿಹೋಗ್ತೀನಿ ಅಂದ್ಕೊಂಡ್ಯಾ? ನನ್ನನ್ನ ಏನಂತ ತಿಳ್ಕೊಂಡಿದೀಯಾ?"

"ಓಡಿಹೋದವರನ್ನ ನೋಡಿದೀನಿ ಕಣೋ!"

"ಅವರ ಮೇಲಿನ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೋತಿದೀಯಲ್ಲ!"

ಗೊರಕೆಯ ವಿಷಯ ಸುಳ್ಳು ಎಂದು ಮಾತ್ರ ಹೇಳಿದೆ. ಅವನ ತುಟಿಯ ಕೊನೆ ಅಲುಗಿದ್ದನ್ನು ನಾನು ನೋಡಿದೆ.

ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಕಾಲಿನ ಎದುರಿಗೇ ಕೂತರು. ಹನ್ನೆರಡು ವರ್ಷದಲ್ಲಿ ಹಾಗೆ ಕೂತು ನೋಡಿದವರು ಅವರೊಬ್ಬರೇ. ಚರ್ಮದ ಕೆಳಗಿನ ಉಬ್ಬಿದ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪಿನ ತುದಿ ಒಳಗಿನ ದೊಡ್ಡ ನರವನ್ನು ಇನ್ನೂ ಮುಟ್ಟಿರಲಿಲ್ಲ, ಆದರೆ ದೂರವೂ ಇರಲಿಲ್ಲ. ಅಲ್ಲಿಗೆ ಹೋಗಿದ್ದರೆ, ಅಲ್ಲಿಂದ ಒಂದು ಚೂರು ಕಳಚಿ ಶ್ವಾಸಕೋಶಕ್ಕೆ ಏರುವ ಅಪಾಯವಿತ್ತು. ಹೆಪ್ಪುಗಟ್ಟಿದ ಕಾಲನ್ನು ತಿಕ್ಕಲೇಬಾರದಂತೆ.

ಎಲ್ಲರಿಗೂ ಹೀಗಾಗುವುದಿಲ್ಲ, ಎಷ್ಟೋ ಜನ ಉಬ್ಬಿದ ನರಗಳೊಂದಿಗೆ ಆರಾಮಾಗಿ ಬದುಕುತ್ತಾರೆ ಎಂದೂ ಅವರು ಹೇಳಿದರು. ಆದರೆ ಕೆಲವರಿಗೆ ಹರಡಿನ ಸುತ್ತ ಚರ್ಮ ಕಪ್ಪಾಗುತ್ತದೆ, ಅಲ್ಲಿ ಹುಣ್ಣಾದರೆ ವರ್ಷಗಟ್ಟಲೆ ಮಾಯುವುದಿಲ್ಲ. ಕೆಲವೊಮ್ಮೆ ನರ ಒಡೆದು ರಕ್ತ ಸುರಿಯುವುದೂ ಉಂಟು. ರಕ್ತ ತೆಳುವಾಗಿಸುವ ಮಾತ್ರೆ, ಬಿಗಿಯಾದ ಸ್ಟಾಕಿಂಗ್ಸ್, ಆಮೇಲೆ ಆ ನರಕ್ಕೆ ಒಂದು ಚಿಕಿತ್ಸೆ ಎಂದು ಬರೆದುಕೊಟ್ಟರು.

ವಿಶ್ವಾಸ್ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ನನಗೆ ಮಾತ್ರ ಹುಣ್ಣು ಎಂಬ ಮಾತು ಕಿವಿಯಲ್ಲೇ ಉಳಿಯಿತು. ಆರು ವರ್ಷದಿಂದ ಅಮ್ಮನ ಹರಡಿನ ಮೇಲೆ ಒಂದು ಬಟ್ಟೆ ಪಟ್ಟಿಯಿತ್ತು. ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡೆ ಎಂದಿದ್ದಳು.

ಮರುದಿನ ಬೆಳಿಗ್ಗೆ, ಊರಿನಲ್ಲಿ ಅಮ್ಮನ ರಾತ್ರಿ ಊಟದ ಹೊತ್ತಿಗೆ, ಕಾಲ್ ಮಾಡಿದೆ.

"ಅಮ್ಮ, ಸೀರೆ ಎತ್ತಿ ಕಾಲು ತೋರಿಸು."

"ಹುಚ್ಚಾ ನಿಂಗೆ? ನಿನ್ನ ಪಕ್ಕದಲ್ಲಿ ಅಳಿಯಂದ್ರು ಇದಾರೆ!"

"ಆರು ವರ್ಷ ಸೊಳ್ಳೆ ಕಚ್ಚಿದ್ದು ಮಾಯಲ್ವಾ ಅಮ್ಮ? ನಂಗೂ ಮುಚ್ಚಿಡೋದು ಕಲಿಸ್ದೆ, ನೀನೂ ಮುಚ್ಚಿಟ್ಕೊಂಡೆ! ಯಾರ ಮರ್ಯಾದೆಗೆ? ಅವರ್‍ಯಾರಾದ್ರೂ ಬಂದು ನಿನ್ನ ಕಾಲಿಗೆ ಪಟ್ಟಿ ಕಟ್ಟಿದ್ರಾ?" ಕೂಗಿಯೇಬಿಟ್ಟೆ. ಕೋಪಕ್ಕೂ ಹೌದು, ಭಯಕ್ಕೂ ಹೌದು.

ವಿಶ್ವಾಸ್ ಫೋನಿನ ಎದುರಿಗೆ ಬಾಗಿದ. "ಅತ್ತೆ, ಇವಳ ಕಾಲು ನಿನ್ನೆ ನೋಡಿದೀನಿ, ಇನ್ನೂ ಇಲ್ಲೇ ಇದೀನಿ. ನಿಮ್ಮದೂ ತೋರಿಸಿ."

ಅಮ್ಮನ ಫೋನಿನ ಕ್ಯಾಮೆರಾ ಮೆಲ್ಲಗೆ ಕೆಳಗಿಳಿಯಿತು. ಕಪ್ಪಾದ ಹರಡು, ನಡುವೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಹಸಿ ಗಾಯ. ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಅಳಿಯನ ಮುಂದೆ ಮಾತು ಕೊಟ್ಟು ಫೋನಿಟ್ಟಳು. ನಾನು ಅತ್ತುಬಿಟ್ಟೆ. ಅವನು ಅಂಗಡಿಯ ಚೀಲದಿಂದ ಸ್ಟಾಕಿಂಗ್ಸ್ ತೆಗೆದ.

"ಬೆಳಿಗ್ಗೆ ಎದ್ದ ತಕ್ಷಣ ಹಾಕ್ಬೇಕಂತೆ. ಕಾಲು ಕೊಡು."

"ನಾನೇ ಹಾಕ್ಕೋತೀನಿ."

"ಹಾಕ್ಕೋ ನೋಡೋಣ."

ಐದು ನಿಮಿಷ ಒದ್ದಾಡಿದೆ. ಆ ಸ್ಟಾಕಿಂಗ್ ಹಿಮ್ಮಡಿ ದಾಟಲಿಲ್ಲ. ಅವನು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ನೆಲದ ಮೇಲೆ ಮಂಡಿಯೂರಿದ. ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆದ. ಹಣೆಯ ಮೇಲೆ ಬೆವರು, ಮೂಗಿನ ತುದಿಗೆ ಜಾರಿದ ಕನ್ನಡಕ. ಉಬ್ಬಿದ ನರದ ಹತ್ತಿರ ಬಂದಾಗ ಕೈ ನಿಲ್ಲಿಸಿ ತಲೆಯೆತ್ತಿದ.

"ನೋವಾಗ್ತಿದೆಯಾ?"

ಇಲ್ಲವೆಂದು ತಲೆಯಾಡಿಸಿದೆ. ಅವನ ಕಣ್ಣಲ್ಲಿ ನಾನು ಹನ್ನೆರಡು ವರ್ಷದಿಂದ ಹೆದರಿದ್ದು ಯಾವುದೂ ಇರಲಿಲ್ಲ. ನನ್ನ ಮುಖ ಬಿಸಿಯಾಯಿತು.

"ಬೆರಳು ಮುಚ್ಚೋದೂ ಇತ್ತು, ತೆರೆದಿರೋದೂ ಇತ್ತು. ಡಾಕ್ಟರನ್ನ ಕೇಳಿ ತೆರೆದಿರೋದೇ ತಂದೆ," ಎಂದ.

"ಯಾಕೆ?"

ಉತ್ತರ ಹೇಳದೆ ನನ್ನ ಎರಡನೇ ಬೆರಳನ್ನು ಗ್ಲೌಸಿನ ಕೈಯಿಂದ ಮೆಲ್ಲಗೆ ಹಿಡಿದ. "ನಿನ್ನನ್ನ ದಿನಕ್ಕೆ ಹತ್ತು ಗಂಟೆ ನಿಲ್ಲಿಸಿರೋ ಕಾಲು ಇದು. ಇದಕ್ಕೇ ಹಾಕ್ಬೇಕು ನಾನು. ಇಲ್ಲ ಅನ್ಬೇಡ ನೇತ್ರಾ. ನಿನ್ನನ್ನ ಕಳ್ಕೊಂಡ್ಬಿಡ್ತೀನೇನೋ ಅಂತ ನಿನ್ನೆ ಕೈಕಾಲೇ ಆಡಲಿಲ್ಲ ನಂಗೆ."

ಅವನ ಕಿವಿ ಹಿಡಿದು ಹಿಂಡಿದೆ. ಆಮೇಲೆ ಅದೇ ಕಿವಿಯಲ್ಲಿ, "ಹಾಕು," ಎಂದೆ.

ಸೋಮವಾರ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಮುಂದೆ ನಿಂತು, ಡಾಕ್ಟರ ಚೀಟಿ ತೋರಿಸಿ, ಎತ್ತರದ ಸ್ಟೂಲ್ ಬೇಕೆಂದೆ. ಅವನು ನೋಡೋಣ ಎಂದ. ಅದು ಬರುವವರೆಗೂ ಅವನ ಕುರ್ಚಿಯಲ್ಲೇ ಕೂತೆ.

ಮೂರು ತಿಂಗಳ ನಂತರ ಡುವಾಲ್ ಎಂಬ ಸಣ್ಣ ಊರಿನಲ್ಲಿ, ಅವನ ಚಿಕ್ಕಪ್ಪನ ಮನೆಯ ಹಿತ್ತಲಲ್ಲಿ ಮದುವೆ. ಡಾಕ್ಟರ ಒಪ್ಪಿಗೆ ಪಡೆದು, ಗಾಯಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡು ಅಮ್ಮ ಬಂದಿದ್ದಳು. ಗಾಯ ಅರ್ಧಕ್ಕಿಳಿದಿತ್ತು. ಪುರೋಹಿತರು ಕಲ್ಲಿನ ಮೇಲೆ ಬಲಗಾಲಿಡಮ್ಮ ಎಂದರು. ಸೀರೆ ಎತ್ತಿದಾಗ ಕಂದು ಬಣ್ಣದ ಸ್ಟಾಕಿಂಗ್ ಕಂಡಿತು. ಫೋಟೋಗ್ರಾಫರ್ ಫೋಟೋ ತೆಗೆಯದೆ ಕ್ಯಾಮೆರಾ ಇಳಿಸಿದ.

ಹಿಂದಿನಿಂದ ಯಾರೋ ಆಂಟಿ, "ಸ್ವಲ್ಪ ಸೀರೆ ಇಳಿಸಮ್ಮ, ಫೋಟೋದಲ್ಲಿ ಕಾಣತ್ತೆ," ಎಂದರು.

ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ತನ್ನ ಸೀರೆಯನ್ನು ಮೀನಖಂಡದವರೆಗೆ ಎತ್ತಿ, ಪಟ್ಟಿ ಕಟ್ಟಿದ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿದಳು.

"ಕಾಣ್ಲಿ ಬಿಡಿ," ಎಂದಳು.

ವಿಶ್ವಾಸ್ ಬಗ್ಗಿ ನನ್ನ ಪಾದ ಹಿಡಿದುಕೊಂಡ. ನಾನು ಸೀರೆಯನ್ನು ಇನ್ನೆರಡು ಬೆರಳು ಮೇಲಕ್ಕೆತ್ತಿ ಹಿಡಿದೆ.